ಬೇಟೆಯ ನಿಯಮಗಳ ಸಭೆಗೆ ಹೋಗಬಹುದಾದ ಅಮೆರಿಕದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ನಿಮ್ಮಲ್ಲಿ ಕೆಲವರ ಬಳಿ ಬೇಟೆಯ ಲೈಸೆನ್ಸ್ ಇದೆ. ಹೆಚ್ಚಿನವರ ಬಳಿ ಇಲ್ಲ, ಪಡೆಯುವ ಮನಸ್ಸೂ ಇಲ್ಲ. ಈ ಪತ್ರ ಇಬ್ಬರಿಗೂ ಬರೆದದ್ದು. ನೀವಿರುವ ನಾಡಿನಲ್ಲಿ ಜಿಂಕೆಯನ್ನಾಗಲಿ ಎಲ್ಕ್ ಎಂಬ ದೊಡ್ಡ ಕಡವೆಯನ್ನಾಗಲಿ ಯಾವ ತಿಂಗಳಲ್ಲಿ, ಯಾವ ಆಯುಧದಿಂದ ಹೊಡೆಯಬಹುದು ಎಂದು ತೀರ್ಮಾನಿಸುವುದು ವಾಷಿಂಗ್ಟನ್ನಿನ ಸರ್ಕಾರವಲ್ಲ. ನಿಮ್ಮ ರಾಜ್ಯದ ವನ್ಯಜೀವಿ ಆಯೋಗ, ಇಲ್ಲವೇ ಅಲ್ಲಿನ ಶಾಸನಸಭೆ. ಆ ತೀರ್ಮಾನಕ್ಕೆ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ವಿಸ್ಕಾನ್ಸಿನ್‌ನಲ್ಲಂತೂ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕೌಂಟಿ ಕೌಂಟಿಯಲ್ಲೂ ಇದಕ್ಕೆಂದೇ ಸಭೆ ನಡೆಯುತ್ತದೆ. ಅಲ್ಲಿ ಮಾತಾಡಲು ಲೈಸೆನ್ಸ್ ಬೇಕಿಲ್ಲ, ಆ ರಾಜ್ಯದ ನಿವಾಸಿಯಾಗಿದ್ದರೆ ಸಾಕು. ಕಳೆದ ಕೆಲವು ವರ್ಷಗಳಿಂದ ಇಂಥ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತಿರುವ ಪ್ರಶ್ನೆ ಎರಡು ಆಯುಧಗಳದ್ದು. ಒಂದು ಕ್ರಾಸ್‌ಬೋ, ಅಂದರೆ ಅಡ್ಡಬಿಲ್ಲು. ಇನ್ನೊಂದು ಮಜಲ್‌ಲೋಡರ್, ಅಂದರೆ ನಳಿಗೆಯ ಬಾಯಿಯಿಂದ ಮದ್ದು ಜಡಿದು ಈಡು ಹೊಡೆಯುವ ಕೋವಿ. ಇವನ್ನು ಯಾರು ಬಳಸಬಹುದು, ಇವಕ್ಕೆ ದುರ್ಬೀನು ಹಾಕಬಹುದೇ, ಅಂಗವಿಕಲರಿಗೂ ವಯಸ್ಸಾದವರಿಗೂ ಬೇರೆ ನಿಯಮ ಇರಬೇಕೇ ಎಂಬ ಚರ್ಚೆಯಲ್ಲಿ ನೀವು ಪಾಲ್ಗೊಳ್ಳಬೇಕೆಂದೂ, ಪಾಲ್ಗೊಳ್ಳುವಾಗ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದೂ ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಆ ವಿಷಯ ಇಷ್ಟೇ: ಆಯುಧ ಒಳ್ಳೆಯದೋ ಕೆಟ್ಟದ್ದೋ ಎಂಬುದು ಮೊದಲ ಪ್ರಶ್ನೆಯಲ್ಲ. ಒಂದು ಸೀಸನ್, ಅಂದರೆ ಬೇಟೆಯ ಅವಧಿ, ಇಟ್ಟಿರುವುದು ಯಾತಕ್ಕೆ ಎಂಬುದು ಮೊದಲ ಪ್ರಶ್ನೆ. ಉತ್ತರ ಒಂದೊಂದು ಕಡೆ ಒಂದೊಂದು.

ಬೇಟೆಯ ಗೊಡವೆ ನಮಗೇಕೆ ಎನ್ನುವವರ ಆಕ್ಷೇಪಕ್ಕೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದು ಹಗುರವಾದ ಆಕ್ಷೇಪವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ ದೇಶದಿಂದ ಹೋದವರು ನೀವು. ಬೇಟೆ ಎಂದರೆ ಕಳ್ಳಬೇಟೆ ಎಂದೇ ಕೇಳಿ ಬೆಳೆದ ತಲೆಮಾರು ನಿಮ್ಮದು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಮಾಂಸದ ಅಡಿಗೆಯೇ ಇಲ್ಲ. ಆದರೆ ಅಲ್ಲಿನ ಕಾಡಿನ ಕತೆ ಬೇರೆ ದಾರಿಯಲ್ಲಿ ಬಂದಿದೆ. 1900ರ ಹೊತ್ತಿಗೆ ಮಾರಾಟಕ್ಕಾಗಿ ನಡೆದ ಎಗ್ಗಿಲ್ಲದ ಬೇಟೆಯಿಂದ ಬಿಳಿಬಾಲದ ಜಿಂಕೆಗಳು ದೇಶಾದ್ಯಂತ ಕೆಲವೇ ಲಕ್ಷಕ್ಕೆ ಇಳಿದಿದ್ದವು. ಇಂದು ಸುಮಾರು 3 ಕೋಟಿ ಇವೆ. ಚೇತರಿಕೆಗೆ ಹಣ ಬಂದದ್ದು ಬಹುಮಟ್ಟಿಗೆ ಬೇಟೆಗಾರರ ಜೇಬಿನಿಂದಲೇ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆಯ ಬಂದೂಕು ಮತ್ತು ಗುಂಡುಗಳ ಮೇಲೆ ಶೇ. 11ರ ತೆರಿಗೆ ಇದೆ. ಮುಂದೆ ಬಿಲ್ಲುಬಾಣಗಳೂ ಅದರ ವ್ಯಾಪ್ತಿಗೆ ಬಂದವು. ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗಬೇಕು. ಆದರೆ ಪೂರ್ವದ ಬಹುಪಾಲು ರಾಜ್ಯಗಳಲ್ಲಿ ತೋಳವೂ ಪೂಮಾವೂ ಇಲ್ಲವಾದದ್ದರಿಂದ, ಬಂದ ಜಿಂಕೆಗಳನ್ನು ಹದ್ದಿನಲ್ಲಿಡುವ ಕೆಲಸ ಬೇಟೆಗಾರರ ಮೇಲೇ ಬಿದ್ದಿದೆ. ಎಳೆಯ ಓಕ್ ಸಸಿಗಳನ್ನು ಮೇಯ್ದು ಕಾಡು ಮರುಹುಟ್ಟು ಪಡೆಯದಂತೆ ಮಾಡುವವು ಇವೇ ಜಿಂಕೆಗಳು. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಹನಗಳು ಡಿಕ್ಕಿ ಹೊಡೆಯುವುದೂ ಇವಕ್ಕೇ. ಲೈಮ್ ಕಾಯಿಲೆ ಹರಡುವ ಉಣ್ಣೆಗಳು ಬಲಿತ ಮೇಲೆ ಹೊಟ್ಟೆ ತುಂಬಿಸಿಕೊಳ್ಳುವುದು ಇವುಗಳ ಮೈಮೇಲೇ. ನ್ಯೂಜೆರ್ಸಿಯಲ್ಲೋ ಮಿಚಿಗನ್‌ನಲ್ಲೋ ಮನೆ ಮಾಡಿರುವ ನೀವು ಕೋವಿ ಮುಟ್ಟದಿದ್ದರೂ ಈ ಲೆಕ್ಕದ ಹೊರಗಿಲ್ಲ. ನೀವು ಕೊಲ್ಲಬೇಕಿಲ್ಲ, ಕೊಲ್ಲುವುದನ್ನು ಒಪ್ಪಬೇಕೆಂದೂ ನಾನು ಹೇಳುತ್ತಿಲ್ಲ. ಕೊಲ್ಲುವ ನಿಯಮ ಹೇಗಿರಬೇಕು ಎಂಬುದರಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ ಎನ್ನುತ್ತಿದ್ದೇನೆ.

ಈ ಆಯುಧಗಳು ಪೂರ್ತಿ ಅಪರಿಚಿತವೂ ಅಲ್ಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಅಜ್ಜಂದಿರ ಕಾಲದ ‘ಕೇಪಿನ ಕೋವಿ’ ಎಂದು ಹೇಳುವುದು ಇದೇ ಮಜಲ್‌ಲೋಡರನ್ನು. ನಳಿಗೆಯ ಬಾಯಿಗೆ ಕರಿಮದ್ದು ಸುರಿದು, ಮೇಲೆ ಗುಂಡನ್ನೋ ಚರೆಯನ್ನೋ ಹಾಕಿ, ಕಡ್ಡಿಯಿಂದ ಜಡಿದು, ಹಿಂಭಾಗದ ಮೊಲೆಗೆ ಕೇಪು ಇಟ್ಟು ಕುದುರೆ ಎಳೆಯುವ ಕೋವಿ. ಕೇಪಿಗೂ ಹಿಂದಿನದು ಚಕಮಕಿ ಕೋವಿ. ಅದರಲ್ಲಿ ಕಲ್ಲು ಉಕ್ಕಿಗೆ ಉಜ್ಜಿ ಹಾರಿದ ಕಿಡಿಯೇ ಮದ್ದಿಗೆ ಬೆಂಕಿ. ಒಂದು ಈಡು ತಪ್ಪಿದರೆ ಎರಡನೆಯದಕ್ಕೆ ಅವಕಾಶ ಇಲ್ಲವೆಂದೇ ತಿಳಿಯಬೇಕು. ಮಳೆ ಬಿದ್ದರೆ ಮದ್ದು ತೊಯ್ದು ಕೈಕೊಡುತ್ತದೆ. ಅಮೆರಿಕದ ರಾಜ್ಯಗಳು ಇಂಥ ಆಯುಧಗಳಿಗೆ ಪ್ರತ್ಯೇಕ ಸೀಸನ್ ಕೊಟ್ಟದ್ದು ಈ ದೌರ್ಬಲ್ಯವನ್ನು ನೋಡಿಯೇ. ವಿಸ್ಕಾನ್ಸಿನ್ 1934ರಲ್ಲಿ ಬಿಲ್ಲಿನ ಜಿಂಕೆ ಬೇಟೆಗೆ ಬೇರೆ ಸೀಸನ್ ತೆರೆಯಿತು. ಪೆನ್ಸಿಲ್ವೇನಿಯಾ 1974ರಲ್ಲಿ ಕ್ರಿಸ್‌ಮಸ್ ಕಳೆದ ಮೇಲಿನ ಚಳಿಯಲ್ಲಿ ಚಕಮಕಿ ಕೋವಿಗೆಂದೇ ಸೀಸನ್ ಶುರುಮಾಡಿತು, ಅಲ್ಲಿ ಇಂದಿಗೂ ಕಿಡಿ ಹಾರಿಸುವುದು ಕಲ್ಲೇ ಆಗಿರಬೇಕು. ಹಿಂದಿನ ತರ್ಕ ಸರಳ. ಐದು ಲಕ್ಷಕ್ಕೂ ಹೆಚ್ಚು ಜನ ರೈಫಲ್ ಹಿಡಿದು ಒಟ್ಟಿಗೆ ಕಾಡಿಗಿಳಿಯುವ ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಮುಖ್ಯ ಸೀಸನ್ ಒಂಬತ್ತೇ ದಿನ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ನಡುವಿನಿಂದ ಹೊಸ ವರ್ಷದವರೆಗೆ. ಬಿಲ್ಲುಗಾರ ಹೆಚ್ಚು ದಿನ ಕಾಡಿನಲ್ಲಿದ್ದರೂ ಕಡಿಮೆ ಹೊಡೆಯುತ್ತಾನೆ, ಹಾಗಾಗಿ ಹೆಚ್ಚು ದಿನ ಕೊಡಬಹುದು. ಸಮಯಕ್ಕೂ ಸಾಮರ್ಥ್ಯಕ್ಕೂ ನಡುವೆ ಆದ ಒಪ್ಪಂದ ಇದು.

ಆ ಒಪ್ಪಂದದ ಒಂದು ತುದಿ ಮಾತ್ರ ಸರಿಯುತ್ತಾ ಬಂದಿದೆ. 1969ರಲ್ಲಿ ಮಿಸ್ಸೌರಿಯ ಹೊಲೆಸ್ ವಿಲ್ಬರ್ ಅಲೆನ್ ಅವರಿಗೆ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತು. ರಾಟೆಗಳಿರುವ ಈ ಬಿಲ್ಲಿನಲ್ಲಿ ಹೆದೆಯನ್ನು ಪೂರ್ತಿ ಎಳೆದ ಮೇಲೆ ಭಾರದ ಬಹುಭಾಗ ಇಳಿದುಹೋಗುತ್ತದೆ: 70 ಪೌಂಡಿನ ಬಿಲ್ಲು ಶೇ. 80 ಭಾರ ಇಳಿಸಿದರೆ ಕೈಯಲ್ಲಿ ಉಳಿಯುವುದು 14 ಪೌಂಡು. 1985ರಲ್ಲಿ ಅದೇ ಮಿಸ್ಸೌರಿಯ ಟೋನಿ ನೈಟ್ ಅವರು ‘ಇನ್‌ಲೈನ್’ ಮಜಲ್‌ಲೋಡರನ್ನು ಮಾರುಕಟ್ಟೆಗೆ ತಂದರು. ಬೆಂಕಿ ಮದ್ದಿನ ಹಿಂದಿನಿಂದ ನೇರವಾಗಿ ಹೊಗುತ್ತದೆ, ಮಳೆಗೆ ಅಷ್ಟಾಗಿ ಹೆದರಬೇಕಿಲ್ಲ. ಅದಕ್ಕೆ ಅಳೆದ ಮದ್ದಿನ ಗುಳಿಗೆ, ಪ್ಲಾಸ್ಟಿಕ್ ಕವಚದ ಗುಂಡು, ದುರ್ಬೀನು ಸೇರಿದ ಮೇಲೆ ಹಳೆಯ ಕೋವಿ 100 ಗಜದೊಳಗೆ ಮಾಡುತ್ತಿದ್ದ ಕೆಲಸವನ್ನು ಇದು 200 ಗಜದಲ್ಲಿ ಮಾಡತೊಡಗಿತು. ಬಾಯಿಯಿಂದ ಮದ್ದು ತುಂಬುವುದು ಬಿಟ್ಟರೆ ಇದಕ್ಕೂ ಒಂಟಿ ಈಡಿನ ರೈಫಲಿಗೂ ಹೆಚ್ಚಿನ ವ್ಯತ್ಯಾಸ ಉಳಿದಿಲ್ಲ. ಕ್ರಾಸ್‌ಬೋ ಕೂಡ ಮಧ್ಯಯುಗದ ಕೋಟೆಗೋಡೆಯ ಮೇಲಿದ್ದಂಥದ್ದಲ್ಲ. ಇಂದಿನದು ಸೆಕೆಂಡಿಗೆ 400 ಅಡಿ ವೇಗ ದಾಟುತ್ತದೆ, ಹೆದೆಯನ್ನು ತಿರುಗುಕೈಯಿಂದ ಎಳೆದು ಕೂರಿಸಬಹುದು, ಮೇಲೆ ದುರ್ಬೀನು ಇರುತ್ತದೆ. ಇಷ್ಟಾದರೂ ಅದು ಬಾಣವೇ, ಗುಂಡಲ್ಲ. 40 ಗಜ ಅಂದರೆ 120 ಅಡಿ. ಅಷ್ಟು ದೂರ ಹೋಗಲು ಬಾಣಕ್ಕೆ ಹತ್ತಿರ ಹತ್ತಿರ ಒಂದು ಸೆಕೆಂಡಿನ ಮೂರನೇ ಒಂದು ಭಾಗ ಬೇಕು, ಹೆದೆಯ ಸದ್ದು ಅದಕ್ಕೂ ಮುಂಚೆ ಜಿಂಕೆಯ ಕಿವಿ ಮುಟ್ಟಿರುತ್ತದೆ. ಬೆಚ್ಚಿದ ಜಿಂಕೆ ನೆಗೆಯಲೆಂದು ಮೈ ಕುಗ್ಗಿಸುವಷ್ಟರಲ್ಲಿ ಬಾಣ ಬೆನ್ನ ಮೇಲಿಂದ ಹಾದುಹೋಗಬಹುದು. ಹೀಗಾಗಿ ಕ್ರಾಸ್‌ಬೋ ಕಾಂಪೌಂಡ್ ಬಿಲ್ಲಿಗಿಂತ ಕಲಿಯಲು ಸುಲಭ, ಆದರೆ ಬಂದೂಕಿನ ದೂರ ಅದಕ್ಕಿಲ್ಲ. ಇನ್‌ಲೈನ್ ಕೋವಿಗೆ ಆ ದೂರ ಬಂದುಬಿಟ್ಟಿದೆ. ಎರಡನ್ನೂ ‘ಹಳೆಯ ಕಾಲದ ಆಯುಧ’ ಎಂಬ ಒಂದೇ ಬುಟ್ಟಿಗೆ ಹಾಕಿ ಮಾತಾಡುವುದು ತಪ್ಪು.

ಈಗ ಪೂರ್ವ ಮತ್ತು ಮಧ್ಯಪಶ್ಚಿಮದ ರಾಜ್ಯಗಳನ್ನು ನೋಡಿ. ಒಹಾಯೊ 1970ರ ದಶಕದಿಂದಲೇ ಕ್ರಾಸ್‌ಬೋ ಬೇಟೆಗೆ ಅವಕಾಶ ಕೊಟ್ಟಿತು. ಅದರಿಂದ ಜಿಂಕೆಗಳು ಅಳಿದುಹೋಗುತ್ತವೆ ಎಂದು ಹೆದರಿದವರು ಆಗ ಇದ್ದರು. ನಂತರದ ದಶಕಗಳಲ್ಲಿ ಅಲ್ಲಿ ಜಿಂಕೆಗಳು ಹೆಚ್ಚಿದವೇ ಹೊರತು ಕುಗ್ಗಲಿಲ್ಲ. ಮಿಚಿಗನ್ ಮತ್ತು ಪೆನ್ಸಿಲ್ವೇನಿಯಾ 2009ರಲ್ಲಿ ಬಾಗಿಲು ಅಗಲಿಸಿದವು. ವಿಸ್ಕಾನ್ಸಿನ್‌ನಲ್ಲಿ ಮೊದಲು 65 ದಾಟಿದವರಿಗೂ ಅಂಗವಿಕಲರಿಗೂ ಮಾತ್ರವಿದ್ದ ಕ್ರಾಸ್‌ಬೋ 2014ರಿಂದ ಎಲ್ಲರಿಗೂ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಕ್ರಾಸ್‌ಬೋದಿಂದ ಬಿದ್ದ ಜಿಂಕೆಗಳ ಸಂಖ್ಯೆ ಸಾಮಾನ್ಯ ಬಿಲ್ಲಿನಿಂದ ಬಿದ್ದವುಗಳನ್ನು ಮೀರಿಸಿತು. ಮಿನೆಸೋಟ 60 ದಾಟಿದವರಿಗೆ ಇಟ್ಟಿದ್ದ ರಿಯಾಯಿತಿಯನ್ನು 2023ರಲ್ಲಿ ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು. ಈ ಬದಲಾವಣೆಯಿಂದ ಏನೂ ಆಗಿಲ್ಲ ಎಂದು ನಾನು ವಾದಿಸುವುದಿಲ್ಲ. ವಿಸ್ಕಾನ್ಸಿನ್‌ನ ರೈಫಲ್ ಬೇಟೆಗಾರರ ದೂರು ನಿಜ: ಕೊಂಬಿನ ದೊಡ್ಡ ಗಂಡುಗಳಲ್ಲಿ ಹಿಂದಿಗಿಂತ ಹೆಚ್ಚು ಪಾಲು ಅವರ ಒಂಬತ್ತು ದಿನ ಬರುವ ಮುಂಚೆಯೇ ಬೇರೆಯವರ ಪಾಲಾಗುತ್ತಿದೆ. ಆದರೆ ಅದು ಬೇಟೆಗಾರರೊಳಗಿನ ಹಂಚಿಕೆಯ ಜಗಳ, ಜಿಂಕೆಗಳ ಅಳಿವು ಉಳಿವಿನ ಪ್ರಶ್ನೆಯಲ್ಲ. ಹಂಚಿಕೆಯನ್ನು ಸರಿಪಡಿಸಲು ಒಬ್ಬೊಬ್ಬರಿಗೆ ಎಷ್ಟು ಗಂಡು ಎಂಬ ಮಿತಿಯಿದೆ, ಅದನ್ನು ಬಿಗಿ ಮಾಡಬಹುದು. ಸಂಖ್ಯೆ ಇಳಿಸಬೇಕಾದ ಕಡೆ, ಬೇಟೆಗಾರರಿಗೇ ವಯಸ್ಸಾಗುತ್ತಿರುವ ಕಡೆ, ಸುಲಭವಾಗಿ ಕಲಿಯಬಹುದಾದ, ಹೆಚ್ಚು ಸದ್ದು ಮಾಡದ, ದೂರ ಹೋಗದ ಆಯುಧವನ್ನು ಬೇಡ ಎನ್ನಲು ಕಾರಣವೇ ಇಲ್ಲ. ಉಪನಗರದ ಮನೆಗಳ ನಡುವಿನ ಕಾಡಿನ ತುಂಡುಗಳಲ್ಲಿ ರೈಫಲ್ ಹಾರಿಸಲಾಗದು, ಅಲ್ಲಿ ಜಿಂಕೆಗಳು ಹೆಚ್ಚಾಗಿರುವುದೂ ಅದಕ್ಕೇ.

ರಾಕಿ ಪರ್ವತಗಳ ಕಡೆಗೆ ಹೋದರೆ ಇದೇ ವಾದ ತಲೆಕೆಳಗಾಗುತ್ತದೆ. ಅಲ್ಲಿ ಎಲ್ಕ್ ಮತ್ತು ಮ್ಯೂಲ್ ಜಿಂಕೆಗಳನ್ನು ಹೊಡೆಯಲು ಬಯಸುವವರು ಹೆಚ್ಚು, ಹೊಡೆಯಬಹುದಾದ ಪ್ರಾಣಿಗಳು ಕಡಿಮೆ. ಬೇಡಿಕೆ ಹೆಚ್ಚಿರುವ ವಿಭಾಗಗಳಲ್ಲಿ ಟ್ಯಾಗ್, ಅಂದರೆ ಒಂದು ಪ್ರಾಣಿಯನ್ನು ಹೊಡೆಯುವ ಅನುಮತಿ, ಸಿಗುವುದು ಲಾಟರಿಯಿಂದ. ವರ್ಷಗಟ್ಟಲೆ ಅರ್ಜಿ ಹಾಕಿ ಪಾಯಿಂಟ್ ಕೂಡಿಸಿಕೊಂಡು ಕಾಯುತ್ತಾರೆ. ಒಂದು ವಿಭಾಗದಲ್ಲಿ 100 ಗಂಡುಗಳನ್ನು ತೆಗೆಯಬಹುದು ಎಂದು ಇಟ್ಟುಕೊಳ್ಳಿ. ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಮಿಕ ಸಿಗುವಂಥ ಆಯುಧವಾದರೆ 400 ಟ್ಯಾಗ್ ಕೊಡಬಹುದು. ಇಬ್ಬರಲ್ಲಿ ಒಬ್ಬರಿಗೆ ಸಿಗುವಂತಾದರೆ 200ಕ್ಕೆ ನಿಲ್ಲಿಸಬೇಕು. ಆಯುಧ ಚುರುಕಾದಷ್ಟೂ ಕಾಡಿಗೆ ಹೋಗುವವರ ಸಾಲು ಚಿಕ್ಕದಾಗುತ್ತದೆ, ಕಾಯುವವರ ಸಾಲು ಉದ್ದವಾಗುತ್ತದೆ. ಕೊಲರಾಡೊ ತನ್ನ ಸೆಪ್ಟೆಂಬರಿನ ಮಜಲ್‌ಲೋಡರ್ ಸೀಸನ್‌ನಲ್ಲಿ ದುರ್ಬೀನು, ಮದ್ದಿನ ಗುಳಿಗೆ, ಪ್ಲಾಸ್ಟಿಕ್ ಕವಚ ಮೂರನ್ನೂ ಬೇಡ ಎಂದಿರುವುದು ಈ ಹಿನ್ನೆಲೆಯಲ್ಲಿ. ಅದು ಗಂಡು ಎಲ್ಕ್‌ಗಳು ಮದವೇರಿ ಕೂಗುತ್ತಾ ಮೈಮರೆತಿರುವ ತಿಂಗಳು. ಆಗ ದೂರದ ಆಯುಧ ಕೊಟ್ಟರೆ ಅವುಗಳ ಗತಿಯೇನು ಎಂದು ಕೇಳಿಕೊಂಡರೆ ಸಾಕು. ಐಡಹೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಂಕಿ ಹೊತ್ತುವ ಜಾಗ ಗಾಳಿಮಳೆಗೆ ತೆರೆದೇ ಇರಬೇಕೆಂದು ನಿಯಮ ಮಾಡಿದೆ. ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಯೂಟಾದ ಅನುಭವ. ಆ ರಾಜ್ಯ 2016ರಲ್ಲಿ ಮಜಲ್‌ಲೋಡರಿಗೆ ದೊಡ್ಡದು ಮಾಡಿ ತೋರಿಸುವ ದುರ್ಬೀನನ್ನು ಒಪ್ಪಿಕೊಂಡಿತು. ಎಂಟು ವರ್ಷ ನೋಡಿದ ಮೇಲೆ 2024ರಲ್ಲಿ ಅದೇ ಸೀಸನ್‌ನಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಒಮ್ಮೆ ಕೊಟ್ಟ ಸಲಕರಣೆಯನ್ನು ಜನರ ಕೈಯಿಂದ ಮರಳಿ ಪಡೆಯುವುದು ಯಾವ ಆಯೋಗಕ್ಕೂ ಹಿತವಾದ ಕೆಲಸವಲ್ಲ. ಜನ ಆಗಲೇ ದುಡ್ಡು ಸುರಿದು ಕೊಂಡಿರುತ್ತಾರೆ. ಆದರೂ ಅದು ಹಿಂದೆ ಸರಿಯಿತು ಎಂಬುದನ್ನು ನಿಮ್ಮ ರಾಜ್ಯದ ಸಭೆಯಲ್ಲಿ ನೆನಪಿಸಿ.

ಇಲ್ಲಿಗೆ ಬಂದಾಗಲೇ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಏಳುವುದು. ಭುಜದ ಶಸ್ತ್ರಚಿಕಿತ್ಸೆಯಾದವರು, ಗಾಲಿಕುರ್ಚಿಯಲ್ಲಿ ಓಡಾಡುವವರು, ಒಂದೇ ಕೈ ಇರುವವರು, ಕಣ್ಣು ಮಂಜಾದವರು ಏನು ಮಾಡಬೇಕು? ಇವರಿಗೆ ಬಿಲ್ಲು ಎಳೆಯಲಾಗದು, ಕಬ್ಬಿಣದ ಗುರಿಮಣಿಯನ್ನು ಮಿಕದ ಮೇಲೆ ಕೂರಿಸಲಾಗದು. 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಕಾಯ್ದೆ ರಾಜ್ಯ ಸರ್ಕಾರಗಳ ಕಾರ್ಯಕ್ರಮಗಳಿಗೂ ಅನ್ವಯಿಸುತ್ತದೆ. ನಿಯಮದಲ್ಲಿ ಸೂಕ್ತವಾದ ಮಾರ್ಪಾಡು ಮಾಡಿಕೊಡುವುದು ರಾಜ್ಯದ ಔದಾರ್ಯವಲ್ಲ, ಕರ್ತವ್ಯ. ಸಾಧನಗಳಿಗೂ ಕೊರತೆಯಿಲ್ಲ. ಗಾಲಿಕುರ್ಚಿಗೇ ಜೋಡಿಸುವ ಆಸರೆಗಳಿವೆ, ತುಟಿಯಲ್ಲಿಟ್ಟ ಕೊಳವೆಯಲ್ಲಿ ಉಸಿರೆಳೆದರೆ ಕುದುರೆ ಬೀಳುವ ವ್ಯವಸ್ಥೆಯಿದೆ, ನಿಂತ ವಾಹನದಿಂದಲೇ ಗುಂಡು ಹಾರಿಸಲು ವಿಶೇಷ ಅನುಮತಿ ಕೊಡುವ ರಾಜ್ಯಗಳಿವೆ. ಕ್ರಾಸ್‌ಬೋ ಅನೇಕ ರಾಜ್ಯಗಳಲ್ಲಿ ಮೊದಲು ಬಂದದ್ದೇ ಈ ಬಾಗಿಲಿನಿಂದ. ಮ್ಯಾಸಚೂಸೆಟ್ಸ್ ಬಹುಕಾಲ ಶಾಶ್ವತ ಅಂಗವೈಕಲ್ಯವಿದೆ ಎಂದು ವೈದ್ಯರು ಬರೆದುಕೊಟ್ಟವರಿಗೆ ಮಾತ್ರ ಅದನ್ನು ಕೊಡುತ್ತಾ ಬಂತು. ಓರೆಗಾನ್ ಕ್ರಾಸ್‌ಬೋ ಬೇಟೆಯನ್ನೇ ದೀರ್ಘಕಾಲ ಒಪ್ಪದೆ ಉಳಿದ ರಾಜ್ಯ.

ವೈದ್ಯರ ಪ್ರಮಾಣಪತ್ರದ ಪದ್ಧತಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಅಂಗವೈಕಲ್ಯದ ಸರ್ಟಿಫಿಕೇಟಿಗಾಗಿ ಆಸ್ಪತ್ರೆಯಿಂದ ಕಚೇರಿಗೆ, ಕಚೇರಿಯಿಂದ ಆಸ್ಪತ್ರೆಗೆ ಅಲೆಯುವುದು ಏನೆಂದು ನಮ್ಮ ಊರುಗಳಿಂದ ಹೋದವರಿಗೆ ವಿವರಿಸಬೇಕಿಲ್ಲ. ಅದರ ದೊಡ್ಡ ಕೆಡುಕು ಖರ್ಚಲ್ಲ, ಸಂಶಯ. ಒಂದು ಆಯುಧ ಕಾಗದವಿದ್ದವರಿಗೆ ಮಾತ್ರ ಎಂದಾದ ಕೂಡಲೇ, ಅದನ್ನು ಹಿಡಿದು ಕಾಡಿಗೆ ಬಂದವರನ್ನೆಲ್ಲ ‘ಇವರಿಗೆ ನಿಜವಾಗಿ ನೋವಿದೆಯೇ’ ಎಂದು ಅಳೆಯುವ ಕಣ್ಣು ಹುಟ್ಟಿಕೊಳ್ಳುತ್ತದೆ. ಹೊರಗೆ ಕಾಣದ ಸಂಧಿವಾತವಿರುವವರು, ಎದೆಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು, ಎತ್ತರ ಕಡಿಮೆಯಿದ್ದು ತೋಳಿನ ಬಲವೂ ಕಡಿಮೆಯಿರುವ ಮಹಿಳೆಯರು ಆ ಕಣ್ಣಿಗೆ ಹೆದರಿ ಹಿಂದೆ ಉಳಿಯುತ್ತಾರೆ. ಕಟ್ಟಡದ ಮುಂದಿನ ಇಳಿಜಾರು ದಾರಿಯನ್ನು ಹತ್ತಲು ಯಾರೂ ಕಾಗದ ತೋರಿಸಬೇಕಿಲ್ಲ. ಗಾಲಿಕುರ್ಚಿಯವರೂ ಹತ್ತುತ್ತಾರೆ, ಮಗುವಿನ ಗಾಡಿ ತಳ್ಳುವವರೂ ಹತ್ತುತ್ತಾರೆ, ಅದರಿಂದ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಜಿಂಕೆ ಹೇರಳವಾಗಿರುವ ರಾಜ್ಯದಲ್ಲಿ ಕ್ರಾಸ್‌ಬೋ ಅಂಥದ್ದೇ ಇಳಿಜಾರು. ಎಲ್ಲರಿಗೂ ತೆರೆದರೆ ಅಂಗವಿಕಲರು ತಮ್ಮ ದೇಹದ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಆದ್ದರಿಂದ ಅಂಥ ರಾಜ್ಯಗಳಲ್ಲಿ ಪ್ರಮಾಣಪತ್ರವನ್ನು ಸುಲಭಗೊಳಿಸಿ ಎಂದು ಕೇಳುವುದು ಅರ್ಧ ಬೇಡಿಕೆ. ಪ್ರಮಾಣಪತ್ರವೇ ಬೇಡದಂತೆ ಮಾಡಿ ಎನ್ನುವುದು ಪೂರ್ತಿ ಬೇಡಿಕೆ.

ಹಾಗಾದರೆ ಕೊಲರಾಡೊದಲ್ಲೂ ಹಾಗೇ ಮಾಡಬಾರದೇಕೆ ಎಂದು ಕೇಳುವಿರಿ. ಅಲ್ಲಿ ಇಳಿಜಾರಿನ ಹೋಲಿಕೆ ನಿಲ್ಲುವುದಿಲ್ಲ, ಯಾಕೆಂದರೆ ಅಲ್ಲಿ ಒಬ್ಬರು ಹತ್ತಿದರೆ ಇನ್ನೊಬ್ಬರ ಪಾಲು ಕಡಿಮೆಯಾಗುತ್ತದೆ. ಕಣ್ಣು ಮಂಜಾದವರಿಗೆ ಅನುಕೂಲವಾಗಲಿ ಎಂದು ಎಲ್ಲರ ಕೋವಿಗೂ ದುರ್ಬೀನು ಕೊಟ್ಟರೆ, ಕಣ್ಣು ಚುರುಕಾಗಿರುವವರ ಗುರಿ ಇನ್ನಷ್ಟು ದೂರ ಹೋಗುತ್ತದೆ, ಟ್ಯಾಗ್‌ಗಳು ಕಡಿಮೆಯಾಗುತ್ತವೆ, ಯಾರ ಹೆಸರಿನಲ್ಲಿ ನಿಯಮ ಸಡಿಲಾಯಿತೋ ಅವರೂ ಲಾಟರಿಯಲ್ಲಿ ಹೆಚ್ಚು ವರ್ಷ ಕಾಯಬೇಕಾಗುತ್ತದೆ. ಇಂಥ ಕಡೆ ಸರಿಯಾದ ದಾರಿ ವ್ಯಕ್ತಿಗೆ ಕೊಡುವ ಅನುಮತಿ: ದೃಷ್ಟಿ ಕುಂದಿದವರಿಗೆ ದೊಡ್ಡದು ಮಾಡಿ ತೋರಿಸದ ದುರ್ಬೀನು, ಕೈ ಎತ್ತಲಾಗದವರಿಗೆ ಬಿಲ್ಲಿನ ಸೀಸನ್‌ನಲ್ಲೇ ಕ್ರಾಸ್‌ಬೋ, ನಡೆಯಲಾಗದವರಿಗೆ ವಾಹನದ ದಾರಿ. ಉಳಿದವರು ಯಾವ ಮಟ್ಟದಲ್ಲಿ ನಿಂತಿದ್ದಾರೋ ಆ ಮಟ್ಟಕ್ಕೆ ಇವರನ್ನು ತರುವುದು ಇಲ್ಲಿನ ನ್ಯಾಯ. ಅನುಮತಿಯ ದಾರಿ ಗೌರವದಿಂದ ಕೂಡಿರಬೇಕು. ಒಮ್ಮೆ ಕೊಟ್ಟದ್ದು ಶಾಶ್ವತ ತೊಂದರೆಗೆ ಶಾಶ್ವತವಾಗಿರಬೇಕು, ವರ್ಷ ವರ್ಷ ಹೊಸ ಕಾಗದ ಕೇಳಬಾರದು. ಅರ್ಜಿಗೆ ಲಾಟರಿಯ ಗಡುವಿಗೆ ಮುಂಚೆಯೇ ಉತ್ತರ ಸಿಗಬೇಕು. ಬೇಟೆಯ ತಿಂಗಳಲ್ಲಿ ಬಂದ ಅನುಮತಿಯಿಂದ ಯಾರಿಗೂ ಉಪಯೋಗವಿಲ್ಲ. ಓರೆಗಾನ್ ಮಾದರಿಯ ಸಂಪೂರ್ಣ ನಿರಾಕರಣೆಯನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಎಲ್ಲರಿಗೂ ತೆರೆಯುವುದಿಲ್ಲ ಎನ್ನಲು ಅದಕ್ಕೆ ಕಾರಣವಿರಬಹುದು, ಯಾರಿಗೂ ತೆರೆಯುವುದಿಲ್ಲ ಎನ್ನಲು ಇಲ್ಲ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಕರುಣೆಯದ್ದು. ಒಳ್ಳೆಯ ದುರ್ಬೀನು, ಬಲವಾದ ಮದ್ದು, ವೇಗದ ಬಾಣ ಇದ್ದರೆ ಪ್ರಾಣಿ ಬೇಗ ಸಾಯುತ್ತದೆ, ನರಳುವುದಿಲ್ಲ; ನೀವು ಬೇಕೆಂದೇ ಕೆಟ್ಟ ಆಯುಧ ಕೊಟ್ಟು ಗಾಯದ ಮಿಕಗಳನ್ನು ಹೆಚ್ಚಿಸುತ್ತೀರಿ ಎನ್ನುತ್ತಾರೆ. ಅಹಿಂಸೆಯ ಮಾತು ಕೇಳಿ ಬೆಳೆದವರ ಮನಸ್ಸನ್ನು ಇದು ಬೇಗ ತಟ್ಟುತ್ತದೆ, ತಟ್ಟಲೂ ಬೇಕು. ಮೇರಿಲ್ಯಾಂಡಿನ ಒಂದು ನೌಕಾನೆಲೆಯಲ್ಲಿ ಹಲವು ವರ್ಷಗಳ ಬಿಲ್ಲುಬೇಟೆಯ ದಾಖಲೆ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಣ ತಗುಲಿದ ಜಿಂಕೆಗಳಲ್ಲಿ ಸುಮಾರು ಶೇ. 18 ಬೇಟೆಗಾರರ ಕೈಗೆ ಸಿಕ್ಕಿರಲಿಲ್ಲ. ಇದು ಮರೆಮಾಚುವ ಅಂಕಿಯಲ್ಲ. ಆದರೆ ಅದೇ ಅಧ್ಯಯನ ಕಾಂಪೌಂಡ್ ಬಿಲ್ಲಿಗೂ ಕ್ರಾಸ್‌ಬೋಗೂ ಈ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಲಕರಣೆ ಬದಲಾದ ಮಾತ್ರಕ್ಕೆ ಗಾಯ ಕಡಿಮೆಯಾಗುತ್ತದೆ ಎನ್ನಲಾಗದು, ಯಾಕೆಂದರೆ ಮನುಷ್ಯನು ಸುಧಾರಿಸಿದ ಆಯುಧವನ್ನು ಹಳೆಯ ದೂರದಲ್ಲಿಯೇ ಬಳಸಿ ತೃಪ್ತನಾಗುವುದಿಲ್ಲ. 30 ಗಜದಲ್ಲಿ ಹೊಡೆಯುತ್ತಿದ್ದವನು 60ಕ್ಕೆ ಹೋಗುತ್ತಾನೆ, 80 ಗಜದವನು 250ಕ್ಕೆ. ತಪ್ಪು ಇಲ್ಲವಾಗುವುದಿಲ್ಲ, ದೂರ ಸರಿಯುತ್ತದೆ. ಅಷ್ಟು ದೂರದಲ್ಲಿ ರಕ್ತದ ಜಾಡು ಹುಡುಕುವುದೂ ಕಷ್ಟ.

ಈ ಗೊಂದಲ ಬಿಡಿಸಲು ಸಲಕರಣೆಯ ನಿಯಮಗಳನ್ನು ಬೇರ್ಪಡಿಸಿ ನೋಡಬೇಕು. ಕೆಲವು ನಿಯಮಗಳು ಇರುವುದು ಪ್ರಾಣಿಯ ನೋವು ತಗ್ಗಿಸಲು. ಎಲ್ಕ್‌ಗೆ 50 ಕ್ಯಾಲಿಬರಿಗಿಂತ ಸಣ್ಣ ನಳಿಗೆ ಬೇಡ ಎನ್ನುವುದು, ಬಾಣದ ಅಲಗು ಇಷ್ಟು ಅಗಲವಿರಬೇಕು ಎನ್ನುವುದು, ಬಿಲ್ಲಿನ ಎಳೆತ ಇಷ್ಟು ಪೌಂಡಿಗೆ ಕಡಿಮೆಯಿರಬಾರದು ಎನ್ನುವುದು ಈ ಜಾತಿಯವು. ಇವನ್ನು ಯಾರಿಗಾಗಿಯೂ, ಯಾವ ಸೀಸನ್‌ನಲ್ಲಿಯೂ ಸಡಿಲಿಸಬಾರದು. ದುರ್ಬೀನು ಬೇಡ, ಗುಳಿಗೆ ಬೇಡ, ಬೆಂಕಿಯ ಜಾಗ ತೆರೆದಿರಲಿ ಎನ್ನುವವು ಬೇಟೆಯನ್ನು ಕಷ್ಟವಾಗಿಡಲು, ಆ ಮೂಲಕ ಹೆಚ್ಚು ಜನರಿಗೆ ಅವಕಾಶ ಉಳಿಸಲು ಮಾಡಿದವು. ಇವನ್ನು ಜಾಗಕ್ಕೆ ತಕ್ಕಂತೆ ಬಿಗಿಗೊಳಿಸಬಹುದು, ಸಡಿಲಿಸಬಹುದು, ವ್ಯಕ್ತಿಗೆ ತಕ್ಕಂತೆ ಬದಲಿಸಲೂಬಹುದು. ಸಭೆಗಳಲ್ಲಿ ಈ ಎರಡನ್ನೂ ಕಲಸಿ ಮಾತಾಡುವುದರಿಂದಲೇ ಕರುಣೆಯ ಹೆಸರಿನಲ್ಲಿ ಸುಲಭ ಬೇಟೆಯೂ ಸಂಪ್ರದಾಯದ ಹೆಸರಿನಲ್ಲಿ ಕ್ರೂರ ನಿಯಮವೂ ಪಾಸಾಗುತ್ತವೆ. ಪೆನ್ಸಿಲ್ವೇನಿಯಾ ಈ ವ್ಯತ್ಯಾಸವನ್ನು ಚೆನ್ನಾಗಿ ತಿಳಿದಿದೆ ಎಂದು ನನ್ನ ಅನಿಸಿಕೆ. ಅಲ್ಲಿ ಅಕ್ಟೋಬರಿನಲ್ಲಿ ಕೊಂಬಿಲ್ಲದ ಜಿಂಕೆಗಳ ಸಂಖ್ಯೆ ಇಳಿಸಲು ಇಟ್ಟಿರುವ ಮಜಲ್‌ಲೋಡರ್ ಸೀಸನ್‌ಗೆ ಇನ್‌ಲೈನ್ ಕೋವಿಯೂ ದುರ್ಬೀನೂ ತರಬಹುದು. ಕ್ರಿಸ್‌ಮಸ್ ನಂತರದ್ದಕ್ಕೆ ಚಕಮಕಿಯೇ. ಒಂದೇ ರಾಜ್ಯ, ಒಂದೇ ಜಿಂಕೆ. ಸೀಸನ್‌ಗಳ ಉದ್ದೇಶ ಬೇರೆ, ನಿಯಮವೂ ಬೇರೆ.

ಸಾಂಪ್ರದಾಯಿಕ ಬಿಲ್ಲುಗಾರರ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಬಿಲ್ಲು ಎಳೆಯುವುದು ತಿಂಗಳುಗಳ ಅಭ್ಯಾಸ, ಜಿಂಕೆ ಹತ್ತಿರ ಬಂದಾಗ ಅದರ ಕಣ್ಣು ತಪ್ಪಿಸಿ ಕೈಯಾಡಿಸುವುದು ಒಂದು ವಿದ್ಯೆ, ಕ್ರಾಸ್‌ಬೋದಲ್ಲಿ ಆ ವಿದ್ಯೆ ಬೇಕಿಲ್ಲ ಎನ್ನುತ್ತಾರೆ. ಅದು ಸರಿಯೇ. ಆದರೆ ಇದೇ ಮಾತನ್ನು ಒಂದು ಕಾಲಕ್ಕೆ ಮರದ ಬಿಲ್ಲಿನವರು ಕಾಂಪೌಂಡ್ ಬಿಲ್ಲಿನವರಿಗೆ ಹೇಳುತ್ತಿದ್ದರು. 14 ಪೌಂಡು ಹಿಡಿದು ನಿಂತವರು ಶೂನ್ಯ ಪೌಂಡು ಹಿಡಿದವರನ್ನು ಕಾಡಿನಿಂದ ಹೊರಗಿಡಲು ವಿದ್ಯೆಯ ಹೆಸರು ಹೇಳುವುದು ನ್ಯಾಯವಾಗಿ ಕಾಣುವುದಿಲ್ಲ. ವಿದ್ಯೆಯನ್ನು ಉಳಿಸಬೇಕೆಂದರೆ ಚಕಮಕಿ ಕೋವಿಗೆ ಪೆನ್ಸಿಲ್ವೇನಿಯಾ ಇಟ್ಟಂತೆ ರಾಟೆಯಿಲ್ಲದ ಬಿಲ್ಲಿಗೂ ಪ್ರತ್ಯೇಕ ದಿನಗಳನ್ನು ಕೇಳಲಿ, ನಾನು ಅವರ ಪಕ್ಷ. ಇನ್ನೊಂದು ಕಡೆ, ಅಂಗವಿಕಲರ ಹೆಸರು ಹಿಡಿದು ಎಲ್ಲ ಸೀಸನ್‌ಗೂ ಎಲ್ಲ ಸಲಕರಣೆಯನ್ನೂ ತೆರೆಸಲು ಬರುವವರನ್ನೂ ಗಮನಿಸಿ. ಪಶ್ಚಿಮದ ರಾಜ್ಯಗಳಲ್ಲಿ ಮಾರಾಟಗಾರರ ಲಾಭವೂ ಅಂಗವಿಕಲರ ಹಿತವೂ ಒಂದೇ ಅಲ್ಲವೆಂದು ಮೇಲೆ ಹೇಳಿದ 400 ಮತ್ತು 200ರ ಲೆಕ್ಕವೇ ತೋರಿಸುತ್ತದೆ.

ನಿಮ್ಮಲ್ಲಿ ಎಚ್-1ಬಿ ವೀಸಾದಲ್ಲಿರುವವರಿಗೆ ಒಂದು ಮಾತು. ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆಯ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಕರಿಮದ್ದಿನ ಸಾಂಪ್ರದಾಯಿಕ ಮಜಲ್‌ಲೋಡರನ್ನು ಆ ಕಾನೂನು ಹೆಚ್ಚಾಗಿ ಪುರಾತನ ಆಯುಧವೆಂದು ಪರಿಗಣಿಸುತ್ತದೆ, ಕ್ರಾಸ್‌ಬೋ ಅದರ ವ್ಯಾಪ್ತಿಗೇ ಬರುವುದಿಲ್ಲ. ಆದರೆ ರಾಜ್ಯದ ಕಾನೂನು ಇದಕ್ಕಿಂತ ಬಿಗಿಯಾಗಿರಬಹುದು, ಆದ್ದರಿಂದ ಕೊಳ್ಳುವ ಮೊದಲು ನಿಮ್ಮ ರಾಜ್ಯದ ನಿಯಮ ಓದಿ, ವಕೀಲರನ್ನು ಕೇಳಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಕೊಡಗಿನ ಮನೆಗಳಿಂದ ಹೋದವರಿಗೂ ಈ ಎಚ್ಚರ ಬೇಕು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಊರಿನಲ್ಲಿ ನಿಮಗಿರುವ ವಿನಾಯಿತಿ ಅಲ್ಲಿಗೆ ಜೊತೆಗೆ ಬರುವುದಿಲ್ಲ.

ಸಭೆಗೆ ಹೋಗುವಾಗಲೋ ಅಭಿಪ್ರಾಯ ಬರೆದು ಕಳಿಸುವಾಗಲೋ ‘ಕ್ರಾಸ್‌ಬೋ ಬೇಕು’, ‘ದುರ್ಬೀನು ಬೇಡ’ ಎಂದಷ್ಟೇ ಹೇಳಬೇಡಿ. ಯಾವ ಪ್ರಾಣಿ, ಯಾವ ವಿಭಾಗ, ಯಾವ ತಿಂಗಳು ಎಂದು ಹೆಸರಿಸಿ. ಅಲ್ಲಿ ಪ್ರಾಣಿಗಳು ಹೆಚ್ಚಾಗಿವೆಯೋ ಕಡಿಮೆಯೋ, ಟ್ಯಾಗ್ ಅಂಗಡಿಯಲ್ಲಿ ಕೊಳ್ಳಲು ಸಿಗುತ್ತದೆಯೋ ಲಾಟರಿಯಲ್ಲಿಯೋ ಎಂದು ಆಯೋಗವನ್ನೇ ಕೇಳಿ. ಆ ಅಂಕಿಗಳು ಅವರ ಬಳಿ ಇರುತ್ತವೆ. ಹೊಸ ಸಲಕರಣೆಯಿಂದ ನೂರರಲ್ಲಿ ಎಷ್ಟು ಜನಕ್ಕೆ ಮಿಕ ಸಿಗಬಹುದೆಂದು ಅಂದಾಜಿಸಿದ್ದೀರಿ, ಅದರಿಂದ ಟ್ಯಾಗ್ ಎಷ್ಟು ಕಡಿಮೆಯಾಗುತ್ತದೆ ಎಂದೂ ಕೇಳಿ. ಅಂಗವಿಕಲರ ಅನುಮತಿಗೆ ಕಳೆದ ವರ್ಷ ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕೃತವಾದವು, ಉತ್ತರ ಕೊಡಲು ಎಷ್ಟು ದಿನ ಹಿಡಿಯಿತು ಎಂಬ ಪ್ರಶ್ನೆಯನ್ನು ಬಿಡಬೇಡಿ, ಯಾಕೆಂದರೆ ಬೇಟೆಗಾರರೇ ತುಂಬಿರುವ ಸಭೆಯಲ್ಲಿ ಅದನ್ನು ಕೇಳುವವರು ಬಹಳ ಕಡಿಮೆ. ಬೇಟೆಯಾಡದವರ ಬಾಯಿಂದ ಆ ಪ್ರಶ್ನೆ ಬಂದರೆ, ಕೇಳಿದವರಿಗೆ ಸ್ವಂತ ಲಾಭವಿಲ್ಲವೆಂದು ತಿಳಿದಿರುವುದರಿಂದ, ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಆಯೋಗಕ್ಕೆ ಕಷ್ಟವಾಗುತ್ತದೆ.

ವಿಶ್ವಾಸದಿಂದ,
ನಿಮ್ಮವನೊಬ್ಬ